ಅಂಗಳಕ್ಕೊಂದು ಕಾಯಿದೆ ಬೇಕೆ?

(ಸಿಂಧನೂರಿನಲ್ಲಿ ಗೌಂಡಿಗಳು, ಶಿಕ್ಷಕರು ಹಾಗೂ ಹೊಸ ಬಡಾವಣೆಗಳ ನಿವಾಸಿಗಳು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಊರಿನ ಇತಿಹಾಸದ ಬಗ್ಗೆ ಮಾತನಾಡಬೇಕೆಂದು ತಾವು ನನ್ನನ್ನು ಕರೆದಿರಿ. ಮುದಗಲ್ಲಿನ ಕೋಟೆ, ಮಸ್ಕಿಯ ಶಾಸನ, ಚೋಳ-ಚಾಲುಕ್ಯರ ಕಾಳಗ, ಇವುಗಳ ಬಗ್ಗೆ ಹೇಳುವೆನೆಂದು ತಾವು ನಿರೀಕ್ಷಿಸಿರಬಹುದು. ಆದರೆ ನಾನು ಇಂದು ಆರಿಸಿಕೊಂಡಿರುವುದು ಅವೆಲ್ಲಕ್ಕಿಂತ ಕೆಳಗಿನ ವಿಷಯ. ಕೆಳಗಿನದು ಎಂದರೆ ನಿಜವಾಗಿಯೂ ಕಾಲ ಕೆಳಗಿನದು. ಮನೆಯ ಹೊಸ್ತಿಲಿನಿಂದ ಗೇಟಿನವರೆಗೆ ಇರುವ ಹತ್ತು ಹೆಜ್ಜೆಯ ನೆಲ. ಅದನ್ನು ನಾವು ಅಂಗಳ ಎನ್ನುತ್ತೇವೆ.

ಈ ವಿಷಯ ಆರಿಸಿಕೊಳ್ಳಲು ಒಂದು ಕಾರಣವಿದೆ. ನಾನೊಂದು ತಪ್ಪು ಮಾಡಿದ್ದೇನೆ. ಹದಿನೈದು ವರ್ಷಗಳ ಹಿಂದೆ ಮನೆ ಕಟ್ಟಿಸಿದಾಗ ಅಂಗಳಕ್ಕೆ ಪೂರ್ತಿ ಕಾಂಕ್ರೀಟು ಹಾಕಿಸಿದೆ. ಬೂಟಿಗೆ ಕೆಸರು ಹತ್ತಬಾರದು, ಮೋಟರ್ ಸೈಕಲ್ ನಿಲ್ಲಿಸಲು ಜಾಗ ಬೇಕು, ಇಷ್ಟೇ ಆಲೋಚನೆ. ಗೌಂಡಿ "ಇಳಿಜಾರು ಯಾವ ಕಡೆ ಕೊಡಲಿ?" ಎಂದು ಕೇಳಿದ. "ಮನೆ ಕಡೆ ಬರಬಾರದು, ಅಷ್ಟೇ" ಎಂದೆ. ಮೊದಲ ಮಳೆಗಾಲದಲ್ಲಿಯೇ ಪಕ್ಕದ ಮನೆಯ ತಾಯಿ ಬಂದು ಗೇಟಿನ ಬಳಿ ನಿಂತು, "ಅಣ್ಣಾರ, ನಿಮ್ಮ ಅಂಗಳ ಛಲೋ ಆತು. ಆದರ ನಮ್ಮ ಪಡಸಾಲಿ ಹಸಿ ಆಗಾಕ ಹತ್ತೈತಿ, ನೋಡ್ರಿ" ಎಂದರು. ಹೋಗಿ ನೋಡಿದೆ. ಅವರ ಗೋಡೆಗೆ ಮೊಣಕಾಲೆತ್ತರಕ್ಕೆ ತಂಪು ಏರಿತ್ತು. ನನ್ನ ಅಂಗಳದ ನೀರು ಅವರ ಬುನಾದಿಗೆ ಹೋಗುತ್ತಿತ್ತು. ಅವರು ಜಗಳ ಮಾಡಲಿಲ್ಲ. ಮಾಡಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಕೆಲವು ವರ್ಷ ಕಳೆದ ಮೇಲೆ ಕಾಂಕ್ರೀಟು ಒಡೆದು ಅಸಹ್ಯವಾಯಿತು. ಮಗ ಒಂದು ದಿನ ಪ್ಲಾಸ್ಟಿಕ್ ಹುಲ್ಲಿನ ಸುರುಳಿಯೊಂದರ ಚಿತ್ರ ತೋರಿಸಿ, "ಇದನ್ನು ಹಾಸಿಬಿಡೋಣ, ನೀರು ಬೇಡ, ಕೊಯ್ಯುವುದು ಬೇಡ, ವರ್ಷವೆಲ್ಲ ಹಸಿರು" ಎಂದ. ಆಗ ನಾನು ಈ ವಿಷಯವನ್ನು ಓದತೊಡಗಿದೆ. ಓದಿದ್ದನ್ನು ತಮ್ಮ ಮುಂದಿಡುತ್ತೇನೆ.

ಮೂರು ಊರು, ಮೂರು ನೆಲ

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ರಸ್ತೆಯಲ್ಲಿ ಸಾಲಾಗಿ ಸಿಗುವ ಊರುಗಳು. ಬಸ್ಸಿನಲ್ಲಿ ಕುಳಿತವರಿಗೆ ಒಂದೇ ಸೀಮೆಯಂತೆ ಕಾಣುತ್ತವೆ. ಆದರೆ ಮೂರರ ನೆಲ ಬೇರೆ ಬೇರೆ.

ಸಿಂಧನೂರಿನದು ಸಮತಟ್ಟಾದ ಎರೆ ನೆಲ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದ ಮೇಲೆ ಎಡದಂಡೆ ಕಾಲುವೆಯ ನೀರು ಬಂತು. ಜೋಳ, ಹತ್ತಿ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದವು. ನೀರಿನ ಹಿಂದೆಯೇ ನೆಲದೊಳಗಿನ ನೀರೂ ಮೇಲೆ ಬಂತು. ಕೆಲವು ಕಡೆ ಸವುಳು ಎದ್ದಿತು. ಸವುಳು ನೆಲದ ಮೇಲೆ ಸಂಶೋಧನೆ ನಡೆಸಲು ಪಕ್ಕದ ಗಂಗಾವತಿಯಲ್ಲಿ ಕೇಂದ್ರವೇ ಇದೆ ಎಂದರೆ ಸಮಸ್ಯೆಯ ಗಾತ್ರ ತಿಳಿಯುತ್ತದೆ. ಮಸ್ಕಿಯದು ಬೆಟ್ಟದ ಬುಡದ ಊರು. ಬಂಡೆಯ ಮೇಲೆ ಬಿದ್ದ ನೀರು ಓಡಿ ಹಳ್ಳ ಸೇರುತ್ತದೆ. ಲಿಂಗಸುಗೂರಿನ ಸುತ್ತ ಎರೆಯ ಜೊತೆಗೆ ಕೆಂಪು ಮಣ್ಣು, ಗರಸು, ಕಲ್ಲುನೆಲ ಉಂಟು. ಅಲ್ಲಿ ಬೇಸಿಗೆಯ ಮಾತೆಂದರೆ ನೀರಿಲ್ಲದ ಬೋರಿನ ಮಾತು.

ಎರೆ ಮಣ್ಣಿನ ಗುಣ ತಮಗೆ ಗೊತ್ತಿದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯ ಬಿರುಕಿನಲ್ಲಿ ಕೈ ಇಳಿಸಬಹುದು. ಅದರೊಳಗಿನ ಒಂದು ಜಾತಿಯ ಜೇಡಿಯ ಪದರಗಳ ನಡುವೆ ನೀರು ಸೇರಿಕೊಳ್ಳುವುದೇ ಇದಕ್ಕೆ ಕಾರಣ. ಮೊದಲ ಮಳೆಯ ನೀರು ಬಿರುಕುಗಳಲ್ಲಿ ಸರಸರನೆ ಇಳಿಯುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡ ಮೇಲೆ ನೀರು ಇಳಿಯುವುದು ಬಹಳ ನಿಧಾನ, ಮೇಲೆಯೇ ನಿಲ್ಲುತ್ತದೆ. ಗೋಡೆಯ ಬುಡದಲ್ಲಿ ನಿಂತರೆ ಬುನಾದಿಯ ಕೆಳಗಿನ ನೆಲ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಹಾಗೆಯೇ ಉಳಿದು ಗೋಡೆ ಸೀಳುತ್ತದೆ. ಆದ್ದರಿಂದ ಮನೆಯ ಸುತ್ತ ಕಾಂಕ್ರೀಟು ಹಾಕುವ ಆಸೆ ಕೇವಲ ಷೋಕಿಯಲ್ಲ. ಅದರ ಹಿಂದೆ ಎರೆ ನೆಲದ ಭಯವಿದೆ. ಈ ಭಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಕಾಯಿದೆಯೂ ಇಲ್ಲಿ ನಡೆಯಲಾರದು.

ನಮ್ಮ ಹಿರಿಯರು ಈ ಭಯಕ್ಕೆ ಬೇರೆ ಉತ್ತರ ಕಂಡುಕೊಂಡಿದ್ದರು. ಎರೆಯನ್ನು ಒಂದಷ್ಟು ತೆಗೆದು ಗರಸು ತುಂಬಿ ಬಡಿದು ಕೂರಿಸುತ್ತಿದ್ದರು. ಅನುಕೂಲಸ್ಥರು ಅದರ ಮೇಲೆ ಶಹಾಬಾದಿನ ಫರಸಿಯನ್ನು ಉಸುಕಿನ ಮೇಲೆ ಕೂರಿಸುತ್ತಿದ್ದರು. ಸಂದಿಗಳಲ್ಲಿ ನೀರು ಇಳಿಯುತ್ತಿತ್ತು. ಕಲ್ಲು ಮೇಲೆದ್ದರೆ ಎತ್ತಿ ಮತ್ತೆ ಕೂರಿಸಬಹುದಿತ್ತು. ಉಳಿದವರ ಅಂಗಳ ಮಣ್ಣು ಮತ್ತು ಸಗಣಿಯದು.

ಸಗಣಿಯ ಹಳೆಯ ಲೆಕ್ಕ

ಮಣ್ಣು ಮತ್ತು ಸಗಣಿ ಎಂದೆ. ಈ ಸೀಮೆಯಲ್ಲಿ ಆ ಎರಡರ ಸಂಬಂಧ ಎಷ್ಟು ಹಳೆಯದು ಎಂಬುದನ್ನು ಹೇಳಬೇಕು. ರಾಯಚೂರು, ಬಳ್ಳಾರಿ, ಸುರಪುರ ಸೀಮೆಗಳಲ್ಲಿ ಬೂದಿ ದಿಬ್ಬಗಳಿವೆ. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನರು ವಾಲಿಯ ಚಿತೆಯ ಬೂದಿ ಎಂದು ನಂಬುತ್ತಾರೆ. ಮೊದಲು ಕೆಲವು ವಿದ್ವಾಂಸರು ಇಂಥ ದಿಬ್ಬಗಳನ್ನು ಜ್ವಾಲಾಮುಖಿಯ ಬೂದಿ ಎಂದೂ ಊಹಿಸಿದ್ದುಂಟು. ರೇಮಂಡ್ ಆಲ್ಚಿನ್ ಎಂಬ ಪುರಾತತ್ವಜ್ಞರು 1952ರಲ್ಲಿ ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿಯೂ, 1957ರಲ್ಲಿ ಕೃಷ್ಣೆಯ ಆಚೆ ಉತ್ನೂರಿನಲ್ಲಿಯೂ ಅಗೆದರು. ಉತ್ನೂರಿನ ದಿಬ್ಬ ದನದ ದೊಡ್ಡಿಯಲ್ಲಿ ಶೇಖರವಾದ ಸಗಣಿ ಮತ್ತೆ ಮತ್ತೆ ಸುಟ್ಟು ಆದದ್ದು ಎಂಬುದು ಸ್ಪಷ್ಟವಾಯಿತು. ಸುಮಾರು ನಾಲ್ಕು-ಐದು ಸಾವಿರ ವರ್ಷಗಳ ಹಿಂದಿನ ದನಗಾಹಿಗಳ ಸಗಣಿ ಅದು. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆದು ಈ ವಿಷಯವನ್ನು ಇನ್ನಷ್ಟು ವಿಸ್ತರಿಸಿದರು. ಬೂದಿಹಾಳ ಎಂಬ ಹೆಸರಿನಲ್ಲಿಯೇ ಬೂದಿ ಇದೆ ನೋಡಿ.

ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ತೆಕ್ಕಲಕೋಟೆ. ಅಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ಅಗೆದಾಗ ಗುಡ್ಡದ ಮೇಲೆ ನವಶಿಲಾಯುಗದ ದುಂಡು ಗುಡಿಸಲುಗಳ ನೆಲೆಗಳು ಸಿಕ್ಕಿದವು. ಬಡಿದು ಗಟ್ಟಿ ಮಾಡಿದ ನೆಲ. ಮನುಷ್ಯ ಈ ಸೀಮೆಯಲ್ಲಿ ಮನೆ ಕಟ್ಟಲು ತೊಡಗಿದ ದಿನವೇ ಕಾಲ ಕೆಳಗಿನ ನೆಲವನ್ನು ಏನು ಮಾಡಬೇಕು ಎಂಬ ಪ್ರಶ್ನೆಯೂ ಬಂದಿತ್ತು ಎಂದಾಯಿತು.

ಇತಿಹಾಸ ಕಾಲಕ್ಕೆ ಬಂದರೆ ನಮ್ಮ ಶಾಸನಗಳಲ್ಲಿ ಮನೆಯ ನಿವೇಶನದ ದಾನಗಳು ಬರುತ್ತವೆ. ಉದ್ದ ಇಷ್ಟು ಕೈ, ಅಗಲ ಇಷ್ಟು ಕೈ ಎಂದು ಅಳತೆ ಕೊಟ್ಟಿರುತ್ತಾರೆ. ಈಗಲೂ ನಾವು ಸೈಟಿಗೆ ನಿವೇಶನ ಎಂಬ ಅದೇ ಮಾತನ್ನು ಬಳಸುತ್ತೇವೆ. ಶಾಸನಗಳಲ್ಲಿ ಪಿರಿಯ ಮೊಸಂಗಿ ಎನಿಸಿಕೊಂಡ ಮಸ್ಕಿಯಂಥ ಊರಿನಲ್ಲಿ ಸಾವಿರ ವರ್ಷದ ಹಿಂದೆಯೂ ನಿವೇಶನಕ್ಕೆ ಬೆಲೆ ಇದ್ದಿರಲೇಬೇಕು.

ಅಂಗಳ ಸಾರಿಸಿದವರು ಯಾರು?

ಬೆಳಗಿನ ಜಾವ ಬಾಗಿಲ ಮುಂದೆ ಕಸ ಹೊಡೆದು, ಸಗಣಿ ನೀರಿನ ಥಳಿ ಹೊಡೆದು, ರಂಗೋಲಿ ಎಳೆಯುವುದು ನಮ್ಮಲ್ಲಿ ಇತ್ತೀಚಿನವರೆಗೂ ಮನೆಮನೆಯ ವಾಡಿಕೆ. ಕಾಲುವೆಯ ನೀರಿನ ಹಿಂದೆ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡವರು ಇದನ್ನೇ ಕಲ್ಲಾಪಿ ಎನ್ನುತ್ತಾರೆ. ಪೂರ್ವ ಬಂಗಾಳದಿಂದ ಬಂದು ಸಿಂಧನೂರು ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಸಿದವರ ಭಾಷೆಯಲ್ಲಿ ಅಂಗಳಕ್ಕೆ ಉಠೋನ್ ಎಂದು ಹೆಸರು. ಅವರೂ ಅದನ್ನು ಮಣ್ಣು-ಸಗಣಿಯಿಂದ ಸಾರಿಸುವವರೇ. ಭಾಷೆ ಮೂರಾದರೂ ಅಂಗಳದ ಕೆಲಸ ಒಂದೇ.

ದೀಪಾವಳಿಯ ಪಾಡ್ಯದ ದಿನ ಹೊಸ್ತಿಲ ಬಳಿ ಸಗಣಿಯ ಪಾಂಡವರನ್ನು ಕೂರಿಸಿ ಉತ್ತರಾಣಿ, ಹೂವು ಸಿಕ್ಕಿಸುತ್ತೇವೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡುತ್ತೇವೆ. ಈ ಹಬ್ಬಗಳಿಗೆ ಬೇಕಾದ ಸಾಮಗ್ರಿ ಮನೆಯ ಸುತ್ತಲೇ ಸಿಗುತ್ತಿತ್ತು. ಈಗ ಸಗಣಿಯನ್ನು ಕೇಳಿಕೊಂಡು ತರುವ ಸ್ಥಿತಿ ಪೇಟೆಯಲ್ಲಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಮಣ್ಣಿನ ಅಂಗಳವನ್ನು ಹೊಗಳಿ ಬರೆಯುವವರಲ್ಲಿ ಹೆಚ್ಚಿನವರು ಅದನ್ನು ಸಾರಿಸಿದವರಲ್ಲ. ನಾನೂ ಅವರಲ್ಲಿ ಒಬ್ಬ. ನಮ್ಮ ಅವ್ವ ವರ್ಷಾನುಗಟ್ಟಲೆ ಬೆಳಗಿನ ಐದು ಗಂಟೆಗೆ ಬಗ್ಗಿದ ಬೆನ್ನು ಏಳುವಾಗ ಆರೂವರೆ. ಹಬ್ಬ ಬಂತೆಂದರೆ ಇಡೀ ಅಂಗಳ, ಪಡಸಾಲೆ, ಕಟ್ಟೆ ಎಲ್ಲ ಸಾರಿಸಬೇಕು. ಮಳೆಗಾಲದಲ್ಲಿ ಮಾಡಿದ್ದೆಲ್ಲ ಕೆಸರು. ನಾನು ಕಾಂಕ್ರೀಟು ಹಾಕಿಸಿದ ದಿನ ಅವ್ವ ಹೇಳಿದ್ದು, "ಇದನ್ನ ಇಪ್ಪತ್ತು ವರ್ಷದ ಹಿಂದ ಮಾಡಿಸಿದ್ರ ನನ್ನ ನಡ ಉಳೀತಿತ್ತಲ್ಲೋ ತಮ್ಮಾ" ಎಂದು. ಆ ಮಾತನ್ನು ಮರೆತು ನಾನು ಇಲ್ಲಿ ನಿಂತು ಹಳೆಯದಕ್ಕೆ ಮರಳೋಣ ಎಂದರೆ ಅದು ಪ್ರಾಮಾಣಿಕವಾಗುವುದಿಲ್ಲ. ನಮಗೆ ಬೇಕಾದದ್ದು ಅವ್ವನ ನಡವೂ ಉಳಿಯಬೇಕು, ಪಕ್ಕದ ಮನೆಯ ಗೋಡೆಯೂ ಉಳಿಯಬೇಕು ಎಂಬಂಥ ಅಂಗಳ.

ಕರಿಕೆ ಮತ್ತು ಪ್ಲಾಸ್ಟಿಕ್ ಹುಲ್ಲು

ಈಗ ಹುಲ್ಲಿನ ಮಾತಿಗೆ ಬರೋಣ. ಮನೆಯ ಮುಂದೆ ಹುಲ್ಲುಹಾಸು ಎಂಬುದು ನಮ್ಮ ಕಲ್ಪನೆಯಲ್ಲ. ಅದು ಇಂಗ್ಲೆಂಡಿನ ಜಿಟಿಜಿಟಿ ಮಳೆಯಲ್ಲಿ ಹುಟ್ಟಿದ ಕಲ್ಪನೆ. ನಮ್ಮ ಕಡೆಗೆ ಅದು ಛಾವಣಿ, ಬಂಗಲೆಗಳ ಮೂಲಕ ಬಂತು. ಲಿಂಗಸುಗೂರಿನಲ್ಲಿ ಸೈನ್ಯದ ಛಾವಣಿ ಇತ್ತು. 1905ರವರೆಗೆ ಅದು ನಿಜಾಮರ ಆಡಳಿತದಲ್ಲಿ ಜಿಲ್ಲಾ ಕೇಂದ್ರವೂ ಆಗಿತ್ತು. ದೊಡ್ಡ ಕಾಂಪೌಂಡಿನ ನಡುವೆ ಮನೆ, ಸುತ್ತ ಹಸಿರು ಎಂಬ ಚಿತ್ರ ನಮ್ಮ ಕಣ್ಣಿಗೆ ಬಿದ್ದದ್ದು ಅಂಥ ಕಡೆಗಳಲ್ಲಿ.

ನಮ್ಮ ರೈತನಿಗಾದರೋ ಹುಲ್ಲು ಎಂದರೆ ಎರಡೇ ಅರ್ಥ. ದನಕ್ಕೆ ಮೇವು; ಇಲ್ಲವೆ ಹೊಲಕ್ಕೆ ಶತ್ರು. ಎರೆ ಹೊಲದಲ್ಲಿ ಕರಿಕೆ ಹೊಕ್ಕರೆ ಅದನ್ನು ತೆಗೆಯಲು ಆಳುಗಳು ವಾರಗಟ್ಟಲೆ ಅಗೆಯಬೇಕು. ಒಂದು ಗೆಣ್ಣು ಉಳಿದರೂ ಮತ್ತೆ ಚಿಗುರುತ್ತದೆ. ಅದೇ ಕರಿಕೆಯನ್ನು ಗಣಪತಿಗೆ ಏರಿಸುತ್ತೇವೆ. ಕುತೂಹಲದ ಸಂಗತಿಯೆಂದರೆ, ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬರ್ಮುಡಾ ಹುಲ್ಲು ಎಂದು ಹಣ ಕೊಟ್ಟು ಮನೆಯ ಮುಂದೆ ಬೆಳೆಸುವುದು ಇದೇ ಕರಿಕೆಯನ್ನು. ಬಿಸಿಲು, ಬರ, ತುಳಿತ ಎಲ್ಲವನ್ನೂ ತಡೆದುಕೊಳ್ಳುವ ಹುಲ್ಲು ಅದು. ಬೇಸಿಗೆಯಲ್ಲಿ ಒಣಗಿದಂತೆ ಕಂಡರೂ ಮೊದಲ ಮಳೆಗೆ ಏಳುತ್ತದೆ. ಹೊಲದಿಂದ ಕಿತ್ತು ಬದುವಿಗೆ ಎಸೆದ ಹುಲ್ಲಿನ ನಕಲನ್ನು ಈಗ ಪ್ಲಾಸ್ಟಿಕ್ಕಿನಲ್ಲಿ ಚದರಡಿಯ ಲೆಕ್ಕದಲ್ಲಿ ಕೊಳ್ಳುತ್ತಿದ್ದೇವೆ.

ಪ್ಲಾಸ್ಟಿಕ್ ಹುಲ್ಲು ಹುಟ್ಟಿದ್ದು ಮನೆಯಂಗಳಕ್ಕಾಗಿ ಅಲ್ಲ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 1965ರಲ್ಲಿ ಛಾವಣಿ ಮುಚ್ಚಿದ ದೊಡ್ಡ ಕ್ರೀಡಾಂಗಣವೊಂದನ್ನು ತೆರೆದರು. ಪಾರದರ್ಶಕ ಛಾವಣಿಯ ಬೆಳಕು ಆಟಗಾರರ ಕಣ್ಣು ಕುಕ್ಕುತ್ತಿತ್ತು, ಚೆಂಡು ಕಾಣುತ್ತಿರಲಿಲ್ಲ. ಛಾವಣಿಗೆ ಬಣ್ಣ ಬಳಿದರು. ಬೆಳಕಿಲ್ಲದೆ ಒಳಗಿನ ಹುಲ್ಲು ಸತ್ತಿತು. 1966ರಲ್ಲಿ ಮಾನ್ಸಾಂಟೋ ಕಂಪನಿಯ ನೈಲಾನ್ ಹುಲ್ಲು ಹಾಸಿದರು. ಆ ಕ್ರೀಡಾಂಗಣದ ಹೆಸರಿನಿಂದಲೇ ಆಸ್ಟ್ರೋಟರ್ಫ್ ಎಂಬ ಮಾತು ಬಂತು. ನಮ್ಮ ದೇಶದವರಿಗೆ ಆ ಮಾತು ಪರಿಚಯವಾದದ್ದು ನೋವಿನಿಂದ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ಹಾಕಿ ಆಡಿಸಿದಾಗ ಭಾರತ ಏಳನೆಯ ಸ್ಥಾನಕ್ಕಿಳಿಯಿತು.

ಅಂದರೆ ಬಿಸಿಲಿಲ್ಲದ ಜಾಗಕ್ಕಾಗಿ ಬಂದ ವಸ್ತು ಇದು. ನಾವದನ್ನು ಬಿಸಿಲೇ ಬಿಸಿಲಾದ ಜಾಗಕ್ಕೆ ತರುತ್ತಿದ್ದೇವೆ. ನಿಜವಾದ ಹುಲ್ಲು ತನ್ನ ಎಲೆಯಿಂದ ನೀರನ್ನು ಆವಿಯಾಗಿ ಬಿಡುತ್ತ ತಂಪಾಗಿರುತ್ತದೆ. ಪ್ಲಾಸ್ಟಿಕ್ಕಿಗೆ ಆ ಉಪಾಯವಿಲ್ಲ. ಬಿದ್ದ ಬಿಸಿಲನ್ನೆಲ್ಲ ಹಿಡಿದಿಟ್ಟುಕೊಂಡು ಕಾಯುತ್ತದೆ. ಅಮೆರಿಕದ ಬ್ರಿಗ್ಯಾಮ್ ಯಂಗ್ ವಿಶ್ವವಿದ್ಯಾಲಯದವರು 2002ರಲ್ಲಿ ತಮ್ಮ ಮೈದಾನದಲ್ಲಿ ಅಳೆದಾಗ, ಗಾಳಿಯ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್ ಇದ್ದ ದಿನ ಕೃತಕ ಹುಲ್ಲಿನ ಮೈ 93 ಡಿಗ್ರಿಯವರೆಗೆ ಕಾದಿತ್ತು. ನಮ್ಮ ರಾಯಚೂರು ಸೀಮೆಯಲ್ಲಿ ಏಪ್ರಿಲ್-ಮೇ ತಿಂಗಳ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ. ಬರಿಗಾಲಲ್ಲಿ ಆಡುವ ಮಕ್ಕಳು, ಅಂಗಳದಲ್ಲಿ ಹಪ್ಪಳ ಒಣಹಾಕುವ ಮುದುಕಿಯರು, ರಾತ್ರಿ ಹೊರಗೆ ಹಾಸಿ ಮಲಗುವವರು, ಇವರಿಗೆ ಇದು ಆಗುವ ಮಾತೆ?

ಇನ್ನು ಅದರ ಆಯುಷ್ಯ ಹತ್ತು-ಹದಿನೈದು ವರ್ಷ. ಬಿಸಿಲಿಗೆ ಎಳೆಗಳು ಪುಡಿಯಾಗಿ ಮಳೆಯಲ್ಲಿ ಗಟಾರಕ್ಕೆ ಇಳಿಯುತ್ತವೆ. ಆಯುಷ್ಯ ತೀರಿದ ಸುರುಳಿ ಕಸದ ಗುಡ್ಡೆ ಸೇರುತ್ತದೆ. 2022ರ ಜುಲೈಯಿಂದ ನಮ್ಮ ದೇಶದಲ್ಲಿ ಪ್ಲಾಸ್ಟಿಕ್ ಚಮಚ, ತಟ್ಟೆ, ಕಡ್ಡಿಗಳಿಗೆ ನಿಷೇಧವಿದೆ. ಆ ಪಟ್ಟಿ ಒಮ್ಮೆ ಬಳಸಿ ಎಸೆಯುವ ವಸ್ತುಗಳದು. ಅಂಗಳದ ತುಂಬ ಹಾಸುವ ಪ್ಲಾಸ್ಟಿಕ್ ಅದರೊಳಗೆ ಬರುವುದಿಲ್ಲ.

ಕಾಯಿದೆ ಏನನ್ನು ಅಳೆಯುತ್ತದೆ?

ಮನೆ ಕಟ್ಟುವವರಿಗೆ ನಮ್ಮಲ್ಲಿ ಕಾಯಿದೆಗಳಿಲ್ಲವೆ? ಇವೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ಊರಿನ ಯಾವ ಭಾಗ ವಸತಿಗೆ, ಯಾವುದು ವ್ಯಾಪಾರಕ್ಕೆ ಎಂದು ವಲಯ ಮಾಡುತ್ತದೆ. 1964ರ ಪುರಸಭೆಗಳ ಕಾಯಿದೆಯ ಅಡಿಯಲ್ಲಿ ಕಟ್ಟಡ ಪರವಾನಗಿ ಕೊಡುತ್ತಾರೆ. 2017ರಲ್ಲಿ ರಾಜ್ಯದ ಪುರಸಭೆಗಳಿಗಾಗಿ ಮಾದರಿ ಕಟ್ಟಡ ಉಪವಿಧಿಗಳೂ ಬಂದವು. ಪರವಾನಗಿಯ ನಕ್ಷೆಯಲ್ಲಿ ಮುಖ್ಯವಾಗಿ ನಾಲ್ಕು ಲೆಕ್ಕಗಳು. ನಿವೇಶನದ ಎಷ್ಟು ಭಾಗದ ಮೇಲೆ ಕಟ್ಟಬಹುದು, ನಾಲ್ಕೂ ಕಡೆ ಎಷ್ಟು ಜಾಗ ಬಿಡಬೇಕು, ಎಷ್ಟು ಎತ್ತರ, ಎಲ್ಲ ಅಂತಸ್ತು ಸೇರಿ ಒಟ್ಟು ಎಷ್ಟು ವಿಸ್ತೀರ್ಣ.

ಜಾಗ ಬಿಡಬೇಕು ಎಂಬ ನಿಯಮದ ಉದ್ದೇಶ ಗಾಳಿ, ಬೆಳಕು, ಬೆಂಕಿ ಬಿದ್ದಾಗ ಓಡಾಟ. ಬಿಟ್ಟ ಜಾಗದ ಮೈ ಮಣ್ಣೋ, ಕಾಂಕ್ರೀಟೋ, ಪ್ಲಾಸ್ಟಿಕ್ಕೋ ಎಂಬುದು ಈ ನಾಲ್ಕು ಲೆಕ್ಕಗಳ ಒಳಗೆ ಬರುವುದಿಲ್ಲ. ಗಾಳಿಗೆ ಅದು ಬಿಟ್ಟ ಜಾಗ. ನೀರಿಗೆ ಅದು ಕಟ್ಟಿದ ಜಾಗವೂ ಆಗಿರಬಹುದು. ಈ ವ್ಯತ್ಯಾಸವೇ ನನ್ನ ಇಂದಿನ ಮಾತಿನ ತಿರುಳು.

ಲೆಕ್ಕ ಮಾಡಿ ನೋಡೋಣ. 30-40ರ ನಿವೇಶನ ಎಂದರೆ ಸುಮಾರು 111 ಚದರ ಮೀಟರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ನಮ್ಮ ಜಿಲ್ಲೆಯ ವರ್ಷದ ಮಳೆ ಸುಮಾರು 600 ಮಿಲಿಮೀಟರು. ಆ ಒಂದು ನಿವೇಶನದ ಮೇಲೆ ವರ್ಷಕ್ಕೆ 66,000 ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 13 ಟ್ಯಾಂಕರ್. ಅದರಲ್ಲಿ ಅಂಗಳದ್ದು 30 ಚದರ ಮೀಟರು ಎನ್ನಿ. ಒಂದೇ ರಾತ್ರಿ 50 ಮಿಲಿಮೀಟರು ಸುರಿದರೆ ಆ ಅಂಗಳದಿಂದ 1,500 ಲೀಟರು. ಅಂಥ ನೂರು ಮನೆಗಳ ಅಂಗಳಗಳು ಮುಚ್ಚಿದ್ದರೆ ಒಂದೂವರೆ ಲಕ್ಷ ಲೀಟರು ನೀರು ಒಂದೇ ರಾತ್ರಿ ಒಂದೇ ಗಟಾರಕ್ಕೆ. ಗಟಾರ ಕಟ್ಟಿದವರು ಈ ನೀರಿನ ಲೆಕ್ಕ ಹಾಕಿರುವುದಿಲ್ಲ. ಆಗ ತಗ್ಗಿನ ಓಣಿಯ ಮನೆಗಳಿಗೆ ನೀರು ನುಗ್ಗುತ್ತದೆ. ತಗ್ಗಿನಲ್ಲಿ ಮನೆ ಕಟ್ಟಿಕೊಂಡವರು ಯಾರು ಎಂಬುದನ್ನು ನಾನು ಹೇಳಬೇಕಾಗಿಲ್ಲ. ಎತ್ತರದವನ ಚೊಕ್ಕ ಅಂಗಳದ ಬೆಲೆಯನ್ನು ತಗ್ಗಿನ ಬಡವ ತೆರುತ್ತಾನೆ.

ನಮ್ಮ ರಾಜ್ಯದಲ್ಲಿಯೇ ನೆಲದ ಮೈಯನ್ನು ಲೆಕ್ಕಕ್ಕೆ ಹಿಡಿದ ನಿಯಮವೊಂದಿದೆ. ಬೆಂಗಳೂರು ಜಲಮಂಡಲಿಯ ಕಾಯಿದೆಗೆ 2009ರಲ್ಲಿ ತಿದ್ದುಪಡಿಯಾಗಿ, ಹೊಸದಾಗಿ ಕಟ್ಟುವ 30-40 ಮತ್ತು ಅದಕ್ಕೂ ದೊಡ್ಡ ನಿವೇಶನಗಳಲ್ಲಿ, ಹಳೆಯದಾದರೆ 60-40 ಮತ್ತು ಅದಕ್ಕೂ ದೊಡ್ಡ ನಿವೇಶನಗಳಲ್ಲಿ ಮಳೆ ನೀರು ಕೊಯ್ಲು ಕಡ್ಡಾಯವಾಯಿತು. ಆಗಿನ ನಿಯಮದಲ್ಲಿ ಛಾವಣಿಯ ಪ್ರತಿ ಚದರ ಮೀಟರಿಗೆ 20 ಲೀಟರು, ಕಲ್ಲು-ಕಾಂಕ್ರೀಟು ಹಾಸಿದ ಖಾಲಿ ಜಾಗದ ಪ್ರತಿ ಚದರ ಮೀಟರಿಗೆ 10 ಲೀಟರು ಸಂಗ್ರಹಿಸಬೇಕು ಅಥವಾ ಇಂಗಿಸಬೇಕು ಎಂದಿತ್ತು. ಹಾಸಿದ ಅಂಗಳವೂ ಒಂದು ಬಗೆಯ ಛಾವಣಿಯೇ ಎಂದು ಒಪ್ಪಿಕೊಂಡ ನಿಯಮ ಅದು.

ಬೇರೆಯವರು ಮಾಡಿದ್ದು

ಇಂಗ್ಲೆಂಡಿನಲ್ಲಿ 2007ರ ನೆರೆಯ ನಂತರ ಮನೆಮುಂದಿನ ತೋಟಗಳನ್ನು ಕಾರು ನಿಲ್ಲಿಸಲು ಮುಚ್ಚಿದ್ದರ ಮೇಲೆ ಗಮನ ಬಿತ್ತು. 2008ರ ಅಕ್ಟೋಬರ್ 1ರಿಂದ ಅಲ್ಲಿ ಮನೆಯ ಮುಂದಿನ 5 ಚದರ ಮೀಟರಿಗಿಂತ ಹೆಚ್ಚು ನೆಲವನ್ನು ನೀರಿಳಿಯದಂತೆ ಮುಚ್ಚಬೇಕಾದರೆ ಯೋಜನಾ ಪರವಾನಗಿ ಬೇಕು. ನೀರಿಳಿಯುವ ಕಲ್ಲು ಹಾಸಿದರೆ, ಅಥವಾ ನೀರನ್ನು ಸ್ವಂತ ತೋಟಕ್ಕೇ ಹರಿಸಿಕೊಂಡರೆ ಪರವಾನಗಿ ಬೇಡ. ಇದು ಏನನ್ನು ಹಾಸಬಾರದು ಎಂದು ಹೇಳುವುದಿಲ್ಲ. ನೀರು ಎಲ್ಲಿಗೆ ಹೋಗಬೇಕು ಎಂದಷ್ಟೇ ಹೇಳುತ್ತದೆ. ನನಗೆ ಬಹಳ ಹಿಡಿಸಿದ ನಿಯಮ ಇದು.

ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2020ರಲ್ಲಿ ಮನೆಯಂಗಳಕ್ಕೆ ಬರೀ ಕಡಿ ಸುರಿದು ಗಿಡವೇ ಇಲ್ಲದಂತೆ ಮಾಡುವುದನ್ನು ಕಾನೂನಿನಿಂದ ತಡೆಯಿತು. ಅಮೆರಿಕದ ನೆವಾಡಾ ರಾಜ್ಯದ್ದು ತಿರುವುಮುರುವು. ಅಲ್ಲಿ ಮರಳುಗಾಡಿನಲ್ಲಿ ಕೊಲರಾಡೋ ನದಿಯ ನೀರು ಸುರಿದು ಶೋಭೆಗಾಗಿ ಬೆಳೆಸಿದ ನಿಜವಾದ ಹುಲ್ಲನ್ನೇ ತೆಗೆಯಬೇಕೆಂದು 2021ರಲ್ಲಿ ಕಾಯಿದೆ ಮಾಡಿದರು. ಒಂಟಿ ಮನೆಗಳ ಅಂಗಳಗಳಿಗೆ ಅದು ಅನ್ವಯಿಸುವುದಿಲ್ಲ. ರಸ್ತೆ ಬದಿ, ಕಚೇರಿಗಳ ಮುಂದಿನ ಹುಲ್ಲಿಗೆ ಅನ್ವಯಿಸುತ್ತದೆ.

ಕ್ಯಾಲಿಫೋರ್ನಿಯದ ಕಥೆ ಎಲ್ಲಕ್ಕಿಂತ ಪಾಠ ಕಲಿಸುವಂಥದ್ದು. ಭಾರಿ ಬರದ ನಡುವೆ 2015ರಲ್ಲಿ, ಯಾವ ನಗರಸಭೆಯೂ ಮನೆಯವರು ಕೃತಕ ಹುಲ್ಲು ಹಾಸುವುದನ್ನು ತಡೆಯಬಾರದು ಎಂದು ರಾಜ್ಯ ಕಾನೂನು ಮಾಡಿತು. ನೀರು ಉಳಿಯಲಿ ಎಂಬುದು ಉದ್ದೇಶ. ಎಂಟು ವರ್ಷದಲ್ಲಿ ಕಾವು, ಪ್ಲಾಸ್ಟಿಕ್ ಪುಡಿ, ರಾಸಾಯನಿಕಗಳ ಪ್ರಶ್ನೆ ಎದ್ದಿತು. 2023ರಲ್ಲಿ ಅದೇ ರಾಜ್ಯ, ಬೇಕಾದ ನಗರಸಭೆ ತಡೆಯಬಹುದು ಎಂದು ಕಾನೂನು ತಿರುಗಿಸಿತು. ಅದೇ 2023ರಲ್ಲಿ ಯುರೋಪಿನ ಒಕ್ಕೂಟ, ಆಟದ ಮೈದಾನಗಳ ಕೃತಕ ಹುಲ್ಲಿನ ನಡುವೆ ತುಂಬುವ ಪ್ಲಾಸ್ಟಿಕ್-ರಬ್ಬರ್ ಕಾಳುಗಳ ಮಾರಾಟವನ್ನು 2031ರಿಂದ ನಿಲ್ಲಿಸಲು ನಿರ್ಧರಿಸಿತು. ನೀರು ಎಂಬ ಒಂದೇ ಪ್ರಶ್ನೆ ನೋಡಿ ಮಾಡಿದ ಕಾಯಿದೆ ಬೇಗ ಹಳತಾಯಿತು.

ನಾವೇನು ಮಾಡಬಹುದು?

ಮೊದಲನೆಯ ಮಾತು, ಮೂರೂ ಊರಿಗೆ ಒಂದೇ ನಿಯಮ ಸಲ್ಲದು. ಲಿಂಗಸುಗೂರಿನಲ್ಲಿ ಅಂಗಳದ ನೀರು ಇಂಗಿದರೆ ಲಾಭ. ಅಲ್ಲಿ ಇಂಗುಗುಂಡಿ ಕೇಳಬಹುದು. ಸಿಂಧನೂರಿನಲ್ಲಿ ಕೆಳಗಿನ ನೀರು ಮೇಲೆ ಬಂದಿರುವ ಕಡೆ ಇಂಗುಗುಂಡಿ ತೋಡಿದರೆ ಗುಂಡಿಯಲ್ಲಿ ಕೆಳಗಿನಿಂದಲೇ ನೀರು ಬಂದೀತು. ಅಲ್ಲಿ ಬೇಕಾದದ್ದು ಛಾವಣಿಯ ನೀರಿಗೆ ತೊಟ್ಟಿ, ಅಂಗಳದ ನೀರನ್ನು ಸ್ವಲ್ಪ ಹೊತ್ತು ತಡೆದು ನಿಧಾನವಾಗಿ ಬಿಡುವ ಗರಸು, ಸರಿಯಾದ ಗಟಾರ. ಮಸ್ಕಿಯಲ್ಲಿ ಬೆಟ್ಟದ ನೀರು ಓಡುವ ದಾರಿಗೆ ಅಡ್ಡ ಕಟ್ಟದಿರುವುದೇ ಮೊದಲ ನಿಯಮವಾಗಬೇಕು. 2018ರಲ್ಲಿ ತಾಲ್ಲೂಕು ಕೇಂದ್ರವಾದ ಆ ಊರು ಈಗ ಬೆಳೆಯುತ್ತಿದೆ. ಬೆಳೆಯುವಾಗಲೇ ದಾರಿ ಬಿಟ್ಟರೆ ಆಮೇಲೆ ಒಡೆಯಬೇಕಾಗಿಲ್ಲ.

ಎರಡನೆಯದು, ಪರವಾನಗಿಯ ನಕ್ಷೆಯಲ್ಲಿ ಬಿಟ್ಟ ಜಾಗದ ಮೇಲೆ ಏನು ಹಾಸುತ್ತೀರಿ ಎಂದು ಒಂದು ಸಾಲು ಬರೆಯಿಸಬೇಕು. ಗೋಡೆಯ ಸುತ್ತ ಮೂರು ಅಡಿ ಗಟ್ಟಿ ಪಟ್ಟಿ, ಹೊರಕ್ಕೆ ಇಳಿಜಾರು. ಎರೆ ನೆಲದಲ್ಲಿ ಇದು ಬೇಕೇ ಬೇಕು. ಗಾಡಿಗೆ ಎರಡು ಗಾಲಿಪಟ್ಟಿ. ಉಳಿದದ್ದು ಗರಸು, ಉಸುಕಿನ ಮೇಲಿನ ಫರಸಿ, ಅಥವಾ ಮಣ್ಣು. ಒಂದು ಬೇವಿಗೋ ನುಗ್ಗೆಗೋ ಬುನಾದಿಯಿಂದ ದೂರದಲ್ಲಿ ಬಾಯ್ದೆರೆದ ನೆಲ. ಗೌಂಡಿಗಳಿಗೆ ಇದು ಹೊಸ ಕೆಲಸವಲ್ಲ. ಅವರ ಅಪ್ಪಂದಿರು ಮಾಡಿದ್ದೇ.

ಮೂರನೆಯದು, ಪ್ಲಾಸ್ಟಿಕ್ ಹುಲ್ಲನ್ನು ನಿಷೇಧಿಸಿ ಎಂದು ನಾನು ಹೇಳುತ್ತಿಲ್ಲ. ಮಾಳಿಗೆಯ ನೆರಳಿನ ಮೂಲೆಯಲ್ಲಿ ಒಂದು ತುಂಡು ಹಾಸಿದರೆ ಯಾರ ಗೋಡೆಯೂ ಬೀಳುವುದಿಲ್ಲ. ಆದರೆ ನಕ್ಷೆಯಲ್ಲಿ ಅದನ್ನು ಹಸಿರು ಎಂದು ಎಣಿಸಬಾರದು. ಕಾಂಕ್ರೀಟಿನ ಮೇಲೆ ಹಾಸಿದ್ದಾದರೆ ಕಾಂಕ್ರೀಟು ಎಂದೇ ಎಣಿಸಬೇಕು. ಬಡಾವಣೆಯ ಉದ್ಯಾನಗಳಲ್ಲಂತೂ ಅದಕ್ಕೆ ಜಾಗವಿರಬಾರದು. ಉದ್ಯಾನ, ಆಟದ ಬಯಲುಗಳನ್ನು ಉಳಿಸಲೆಂದೇ ರಾಜ್ಯದಲ್ಲಿ 1985ರ ಕಾಯಿದೆ ಇದೆ.

ನಾಲ್ಕನೆಯದು ಕಾಗದದಲ್ಲಿ ಬರೆಯಲಾಗದ್ದು. ನಿಮ್ಮ ಅಂಗಳದ ನೀರು ಎಲ್ಲಿಗೆ ಹೋಗುತ್ತದೆ ಎಂದು ಮುಂದಿನ ಮಳೆಯಲ್ಲಿ ಕೊಡೆ ಹಿಡಿದು ನಿಂತು ನೋಡಿ. ಅದಕ್ಕೆ ಯಾವ ಅಧಿಕಾರಿಯೂ ಬೇಕಾಗಿಲ್ಲ.

ನಾನು ಏನು ಮಾಡಿದೆ ಎಂದು ತಾವು ಕೇಳಬಹುದು. ಹೋದ ಬೇಸಿಗೆಯಲ್ಲಿ ಕಾಂಕ್ರೀಟಿನ ಮುಕ್ಕಾಲು ಭಾಗ ಒಡೆಸಿದೆ. ಗೋಡೆಯ ಸುತ್ತಲಿನ ಪಟ್ಟಿ ಉಳಿಸಿದೆ. ಗರಸು ತುಂಬಿಸಿ ಹಳೆಯ ಮನೆಯೊಂದರಿಂದ ತಂದ ಫರಸಿ ಕೂರಿಸಿದೆ. ಖರ್ಚು ಕಾಂಕ್ರೀಟು ಹಾಕಿಸಿದ್ದಕ್ಕಿಂತ ಹೆಚ್ಚೇ ಆಯಿತು. ತಪ್ಪು ತಿದ್ದುವ ಖರ್ಚು ಯಾವಾಗಲೂ ಹಾಗೆಯೇ. ಫರಸಿಯ ಸಂದಿಯಲ್ಲಿ ಈಗ ತಾನಾಗಿಯೇ ಕರಿಕೆ ಬಂದಿದೆ. ಮಗ ಅದನ್ನು ಕೀಳಬೇಕೆ ಬಿಡಬೇಕೆ ಎಂದು ಕೇಳುತ್ತಾನೆ. ಪಕ್ಕದ ಮನೆಯ ಗೋಡೆ ಒಣಗಿದೆ.

ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡ ಅಶೋಕನ ಶಾಸನ ನಮ್ಮ ಸೀಮೆಯ ಅತ್ಯಂತ ಹಳೆಯ ಸರ್ಕಾರಿ ಪ್ರಕಟಣೆ. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದು ಖಚಿತವಾದದ್ದು ಅದರಿಂದ. ಎಲ್ಲರೂ ಆ ಹೆಸರನ್ನೇ ನೆನೆಯುತ್ತಾರೆ. ಅದರೊಳಗಿನ ಮಾತನ್ನು ನೆನೆಯುವವರು ಕಡಿಮೆ. ಒಳ್ಳೆಯದನ್ನು ಸಾಧಿಸುವುದು ದೊಡ್ಡವರಿಂದ ಮಾತ್ರ ಸಾಧ್ಯ ಎಂದುಕೊಳ್ಳಬೇಡಿ, ಸಣ್ಣವರೂ ಪ್ರಯತ್ನಪಟ್ಟರೆ ಆಗುತ್ತದೆ ಎಂಬುದು ಆ ಮಾತಿನ ಸಾರ. ಊರಿನ ಗಟಾರ, ಕಾಲುವೆ, ಹಳ್ಳ ದೊಡ್ಡವರ ಕೈಯಲ್ಲಿವೆ. ಮೂವತ್ತು ಚದರ ಮೀಟರಿನ ಅಂಗಳ ನಮ್ಮ ಕೈಯಲ್ಲಿದೆ. ಕಾಯಿದೆ ಬರುವವರೆಗೆ ಕಾಯಬೇಕಾಗಿಲ್ಲ.